ಗಾಡಿ ಸ್ಲೋನಲ್ಲಿ ನಿಲ್ಲುತ್ತಿಲ್ಲವಾ? ಸ್ಕ್ರೂಗೆ ಕೈ ಹಾಕುವ ಮೊದಲು ಇಷ್ಟು ನೋಡಿ

ದಾವಣಗೆರೆಯಲ್ಲಿ ರೈಲ್ವೆ ಗೇಟ್ ಬಿದ್ದಾಗ ಒಂದು ನಿಮಿಷ ಕಿವಿಗೊಟ್ಟು ಕೇಳಿ. ಗೇಟಿನ ಮುಂದೆ ಮೂವತ್ತು ನಲವತ್ತು ಗಾಡಿ ನಿಂತಿರುತ್ತವೆ. ಕೆಲವರು ಎಂಜಿನ್ ಆಫ್ ಮಾಡಿರುತ್ತಾರೆ. ಕೆಲವು ಗಾಡಿಗಳು ಟುಕ್ ಟುಕ್ ಅಂತ ತಮ್ಮ ಪಾಡಿಗೆ ನಿಂತಿರುತ್ತವೆ. ಇನ್ನು ಕೆಲವರ ಬಲಗೈ ಮಾತ್ರ ಸುಮ್ಮನಿರುವುದಿಲ್ಲ. ಗುರ್ ಗುರ್ ಅಂತ ರೇಸ್ ಕೊಡುತ್ತಲೇ ಇರುತ್ತಾರೆ. ಕೈ ಬಿಟ್ಟರೆ ಗಾಡಿ ಆಫ್. ಆಕ್ಸಿಲೇಟರ್ ಬಿಟ್ಟಾಗಲೂ ಎಂಜಿನ್ ಆಫ್ ಆಗದೆ ನಿಧಾನಕ್ಕೆ ಓಡುತ್ತಿರುವುದಕ್ಕೇ ಸ್ಲೋನಲ್ಲಿ ನಿಲ್ಲುವುದು ಅನ್ನುತ್ತೇವೆ.

ಇಂಥ ಗಾಡಿಗೆ ಹೆಚ್ಚಿನವರು ಮಾಡುವ ರಿಪೇರಿ ಒಂದೇ. ಸ್ಲೋನಲ್ಲಿ ಎಂಜಿನ್ ಎಷ್ಟು ವೇಗವಾಗಿ ತಿರುಗಬೇಕು ಅಂತ ಹೊಂದಿಸುವ ಸ್ಲೋ ಸ್ಪೀಡ್ ಸ್ಕ್ರೂ ಒಂದು ಸುತ್ತು ಬಿಗಿ ಮಾಡುವುದು. ಗಾಡಿ ಆಫ್ ಆಗುವುದು ತಪ್ಪುತ್ತದೆ, ನಿಜ. ಆದರೆ ಅದು ಸೋರುವ ಮಾಳಿಗೆ ಕೆಳಗೆ ಬಕೆಟ್ ಇಟ್ಟ ಹಾಗೆ. ಸೋರುವುದು ನಿಲ್ಲಲಿಲ್ಲ, ನೆಲ ಒದ್ದೆಯಾಗುವುದು ಮಾತ್ರ ನಿಂತಿತು. ಎರಡು ವಾರಕ್ಕೆ ಮತ್ತೆ ಅದೇ ಕಥೆ. ಮತ್ತೆ ಅರ್ಧ ಸುತ್ತು. ಕೊನೆಗೆ ಗಾಡಿ ನಿಂತಲ್ಲೇ ಕೂಗುತ್ತದೆ, ಪೆಟ್ರೋಲ್ ಕುಡಿಯುತ್ತದೆ, ಮೂಲ ದೋಷ ಒಳಗೇ ಬೆಳೆದಿರುತ್ತದೆ.

ನಾನು ಹದಿಮೂರು ವರ್ಷದಿಂದ ಒಂದೇ ಸ್ಪ್ಲೆಂಡರ್ ಓಡಿಸುತ್ತಿದ್ದೇನೆ. ಕೆಲಸಕ್ಕೆ ದಾವಣಗೆರೆಯಿಂದ ಚಿತ್ರದುರ್ಗ, ಮತ್ತೆ ವಾಪಸ್. ಭಾನುವಾರ ಓಣಿಯವರ ಗಾಡಿಗಳನ್ನೂ ನೋಡಿಕೊಡುತ್ತೇನೆ. ಕೆಳಗೆ ಬರೆದಿರುವುದು ಹಾಗೆ ಕಲಿತದ್ದು. ಖರ್ಚಿಲ್ಲದ ಪರೀಕ್ಷೆ ಮೊದಲು, ಬಿಚ್ಚುವ ಕೆಲಸ ಆಮೇಲೆ.

ಸ್ಲೋನಲ್ಲಿ ಎಂಜಿನ್ ಒಳಗೆ ಏನು ನಡೆಯುತ್ತದೆ

ಇದು ಗೊತ್ತಿದ್ದರೆ ಉಳಿದದ್ದು ಸುಲಭ. 100, 125 ಸಿಸಿಯ ಹೆಚ್ಚಿನ ಗಾಡಿಗಳು ಸ್ಲೋನಲ್ಲಿ ನಿಮಿಷಕ್ಕೆ ಸುಮಾರು 1,400 ಸುತ್ತು ತಿರುಗಬೇಕು. ನೂರು ಆಚೆ ಈಚೆ ಆದರೆ ಪರವಾಗಿಲ್ಲ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಂದು ಸಲ ಕಿಡಿ ಹತ್ತಿ ಪೆಟ್ರೋಲ್ ಉರಿಯುತ್ತದೆ. ಅಂದರೆ ಸೆಕೆಂಡಿಗೆ ಹನ್ನೆರಡು ಸಲದ ಹತ್ತಿರ. ಅಷ್ಟು ಸಣ್ಣ ಉರಿ, ಅಷ್ಟು ಸಣ್ಣ ದಮ್ಮು.

ಪೆಟ್ರೋಲ್, ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವುದು ಕಾರ್ಬೊರೇಟರ್. ಆಕ್ಸಿಲೇಟರ್ ಬಿಟ್ಟಾಗ ಅದರ ದಾರಿ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಆಗ ಪೆಟ್ರೋಲ್ ಬರುವುದು ಸ್ಲೋ ಜೆಟ್ ಎಂಬ ಸಣ್ಣ ಹಿತ್ತಾಳೆ ತುಂಡಿನಿಂದ. ಅದರ ತೂತು ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದು. ಅಲ್ಲಿ ಒಂದು ದೂಳಿನ ಕಣ ಕೂತರೂ, ಎಲ್ಲೋ ಕೂದಲೆಳೆಯಷ್ಟು ಗಾಳಿ ಸೋರಿದರೂ ಮೊದಲು ಗೊತ್ತಾಗುವುದು ಸ್ಲೋನಲ್ಲಿ. ಅರವತ್ತರ ಸ್ಪೀಡಿನಲ್ಲಿ ಅದೇ ದೋಷ ಕಾಣುವುದೇ ಇಲ್ಲ. ಹಾಗಾಗಿ "ಓಡಿಸಿದರೆ ಚೆನ್ನಾಗಿದೆ, ಎಂಜಿನ್‌ಗೆ ಏನೂ ಆಗಿಲ್ಲ" ಅಂದುಕೊಳ್ಳಬೇಡಿ.

ಶುರು ಮಾಡುವ ಮೊದಲು ಜೋಪಾನ. ಮನೆಯೊಳಗೆ, ಶಟರ್ ಎಳೆದ ಅಂಗಡಿಯಲ್ಲಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ಜೀವ ತೆಗೆಯುತ್ತದೆ. ಪೆಟ್ರೋಲ್ ಪೈಪ್ ಬಿಚ್ಚುವಾಗ ಹತ್ತಿರದಲ್ಲಿ ಬೀಡಿ, ಊದುಬತ್ತಿ, ಒಲೆ ಏನೂ ಇರಬಾರದು. ಸೈಲೆನ್ಸರ್ ಕೈಗೆ ತಾಗಿದರೆ ಚರ್ಮ ಸುಲಿಯುತ್ತದೆ. ಮಕ್ಕಳನ್ನು ದೂರ ಇಡಿ. ಗಾಡಿಯನ್ನು ಸಮ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ.

ಇನ್ನೊಂದು ಮಾತು. ಯಾವಾಗ ಆಫ್ ಆಗುತ್ತದೆ ಅನ್ನುವುದನ್ನು ಎರಡು ದಿನ ಗಮನಿಸಿ. ತಣ್ಣಗಿದ್ದಾಗಲಾ, ಬಿಸಿಯಾದ ಮೇಲಾ? ಗೇರ್ ಹಾಕಿದಾಗಲಾ? ಹ್ಯಾಂಡಲ್ ತಿರುಗಿಸಿದಾಗಲಾ? ತೊಳೆದ ಮಾರನೇ ದಿನವಾ? ಅರ್ಧ ರಿಪೇರಿ ಈ ಉತ್ತರದಲ್ಲೇ ಇದೆ.

ನ್ಯೂಟ್ರಲ್‌ಗೆ ಹಾಕಿದ ಐದಾರು ಸೆಕೆಂಡಿಗೆ ತಾನೇ ಆಫ್ ಆಗುತ್ತದೆ

ಹೀರೋ ಗಾಡಿಯಾ? ಹಾಗಿದ್ದರೆ ಮೊದಲು ಬಲಗೈ ಕಡೆಯ ಸ್ವಿಚ್‌ಗಳನ್ನು ನೋಡಿ. ಐ-ತ್ರೀ-ಎಸ್ ಅಂತ ಬರೆದ ಒಂದು ಸ್ವಿಚ್ ಇರಬಹುದು. ಅದು ಆನ್ ಇದ್ದರೆ ಬಿಸಿಯಾದ ಎಂಜಿನ್ ನ್ಯೂಟ್ರಲ್‌ನಲ್ಲಿ ನಿಂತಾಗ ಪೆಟ್ರೋಲ್ ಉಳಿಸಲು ತಾನಾಗಿಯೇ ಆಫ್ ಆಗುತ್ತದೆ. ಕ್ಲಚ್ ಹಿಡಿದರೆ ಮತ್ತೆ ಸ್ಟಾರ್ಟ್. ಇದು ದೋಷವಲ್ಲ, ಅದರ ಕೆಲಸವೇ ಅದು. ಹಳೇ ಗಾಡಿ ಮಾರಿ ಹೊಸದು ತಂದ ನಮ್ಮ ಓಣಿಯ ಒಬ್ಬ ಹಿರಿಯರು ಇದಕ್ಕಾಗಿ ಎರಡು ಸಲ ಕಿಡಿ ಹೊತ್ತಿಸುವ ಪ್ಲಗ್ ಬದಲಿಸಿಕೊಂಡಿದ್ದರು. ಸ್ವಿಚ್ ಆಫ್ ಮಾಡಿದೆವು, ಮುಗಿಯಿತು.

ಗೇರ್ ಹಾಕಿದ ತಕ್ಷಣ ಆಫ್

ಸೈಡ್ ಸ್ಟ್ಯಾಂಡ್ ನೋಡಿ. ಈಗಿನ ಬಹಳಷ್ಟು ಗಾಡಿಗಳಲ್ಲಿ ಸ್ಟ್ಯಾಂಡ್ ಕೆಳಗಿದ್ದರೆ ಗೇರ್ ಹಾಕಿದ ಕೂಡಲೇ ಎಂಜಿನ್ ನಿಲ್ಲುತ್ತದೆ. ಸ್ಟ್ಯಾಂಡ್ ಮೇಲಿದ್ದರೂ ಹೀಗೇ ಆಗುತ್ತಿದ್ದರೆ ಅದರ ಬುಡದ ಸ್ವಿಚ್‌ನಲ್ಲಿ ಕೆಸರು ಗಟ್ಟಿಯಾಗಿರಬಹುದು. ಗದ್ದೆ ಕಡೆ ಓಡಾಡುವ ಗಾಡಿಗಳಲ್ಲಿ ಇದು ಜಾಸ್ತಿ. ನೀರು ಹಾಕಿ ಹಳೇ ಬ್ರಷ್‌ನಿಂದ ಉಜ್ಜಿ. ಆ ಸ್ವಿಚ್‌ನ ವೈರ್ ಕತ್ತರಿಸಿ ಜೋಡಿಸಿಬಿಡಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸ್ಟ್ಯಾಂಡ್ ಬಿಟ್ಟುಕೊಂಡು ತಿರುವಿನಲ್ಲಿ ಬಿದ್ದವರನ್ನು ನಾನು ನೋಡಿದ್ದೇನೆ.

ಅಂಥ ಸ್ವಿಚ್ಚೇ ಇಲ್ಲದ ಹಳೇ ಗಾಡಿಯಾದರೆ ಕ್ಲಚ್ ಕೇಬಲ್ ಸಡಿಲವಾಗಿದೆಯಾ ನೋಡಿ. ಕ್ಲಚ್ ಹಿಡಿದರೂ ಅದು ಎಂಜಿನ್ನನ್ನು ಗೇರಿನಿಂದ ಪೂರ್ತಿ ಬಿಡಿಸದಿದ್ದರೆ ಗೇರ್ ಬಿದ್ದಾಗ ಗಾಡಿ ಮುಂದಕ್ಕೆ ಜಗ್ಗಿ ಆಫ್ ಆಗುತ್ತದೆ. ಕೇಬಲ್ ಸರಿ ಮಾಡಿದರೂ ಜಗ್ಗುತ್ತಿದ್ದರೆ ಕ್ಲಚ್ ಪ್ಲೇಟ್ ವಿಷಯ. ಅದು ಮೆಕ್ಯಾನಿಕ್ ಕೆಲಸ.

ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ, ಕೈ ಬಿಟ್ಟರೆ ಆಫ್. ಬಿಸಿಯಾದ ಮೇಲೆ ಸರಿ

ಡಿಸೆಂಬರ್, ಜನವರಿ ಬೆಳಿಗ್ಗೆ ಚಿತ್ರದುರ್ಗದ ಗಾಳಿಗೆ ಕಾರ್ಬೊರೇಟರ್ ಗಾಡಿ ಒಂದೆರಡು ನಿಮಿಷ ತಡಬಡಿಸುವುದು ಸಹಜ. ಚೋಕ್ ಎಳೆಯಿರಿ, ಒಂದು ನಿಮಿಷ ಬಿಡಿ, ಚೋಕ್ ತೆಗೆಯಿರಿ. ಚೋಕ್ ಎಳೆದರೂ ಆಫ್ ಆಗುತ್ತಿದ್ದರೆ ಅಥವಾ ಹತ್ತು ನಿಮಿಷ ಓಡಿಸಿದರೂ ಸರಿಹೋಗದಿದ್ದರೆ ಮಾತ್ರ ಮುಂದೆ ನೋಡಿ.

ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಪೂರ್ತಿ ತೆರೆದಿದೆಯಾ? ರಿಸರ್ವ್‌ಗೆ ಬಂದಿದೆಯಾ? ಇದೆಲ್ಲ ಸರಿಯಿದ್ದರೆ ಪ್ಲಗ್ ಬಿಚ್ಚಿ. ಎಂಜಿನ್ ತಣ್ಣಗಿರುವಾಗಲೇ ಬಿಚ್ಚಬೇಕು. ಬಿಸಿ ಎಂಜಿನ್ನಿನಲ್ಲಿ ಪ್ಲಗ್ ಕೂರುವ ತಿರುಪಿನ ಗೆರೆ (ಥ್ರೆಡ್) ಕಿತ್ತರೆ ಎಂಜಿನ್ನಿನ ಮೇಲ್ಭಾಗದ ಹೆಡ್ ಕೆಲಸಕ್ಕೆ ಸಾವಿರಾರು ರೂಪಾಯಿ ಹೋಗುತ್ತದೆ. ಬಿಚ್ಚುವ ಮೊದಲು ಪ್ಲಗ್ ಸುತ್ತಲಿನ ಮಣ್ಣನ್ನು ಊದಿ ತೆಗೆಯಿರಿ. ಇಲ್ಲದಿದ್ದರೆ ಅದು ನೇರವಾಗಿ ಸಿಲಿಂಡರಿಗೆ ಬೀಳುತ್ತದೆ.

ಪ್ಲಗ್ ಕೈಗೆ ಬಂದ ಮೇಲೆ ಬೆಳಕಿಗೆ ಹಿಡಿದು ತುದಿ ನೋಡಿ. ಸುಟ್ಟ ಇಟ್ಟಿಗೆ ಬಣ್ಣ, ಇಲ್ಲವೇ ತಿಳಿ ಕಂದು ಇದ್ದರೆ ಉರಿ ಸರಿಯಾಗಿದೆ. ಒಣ ಮಸಿ, ಬೆರಳಿಗೆ ಕಾಡಿಗೆಯಂತೆ ಅಂಟಿದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಬೆಳ್ಳಗೆ ಸುಣ್ಣ ಬಳಿದ ಹಾಗಿದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಜಿಡ್ಡು ಜಿಡ್ಡಾಗಿ ಹೊಳೆಯುತ್ತಿದ್ದರೆ ಆಯಿಲ್ ಮೇಲೆ ಬರುತ್ತಿದೆ. ಎಂಜಿನ್ ಒಳಗೆ ಆಯಿಲ್ ತಡೆಯುವ ರಿಂಗ್ ಅಥವಾ ವಾಲ್ವ್ ಸೀಲ್ ಹೋಗಿದೆ ಅಂತ ಅರ್ಥ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಗ್ಯಾರೇಜಿಗೆ ಒಯ್ಯಿರಿ.

ಕಿಡಿ ಹಾರುವ ತುದಿಗಳ ನಡುವಿನ ಗ್ಯಾಪ್ ಎಷ್ಟಿರಬೇಕು ಅಂತ ಗಾಡಿ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಸಾಮಾನ್ಯವಾಗಿ 0.6ರಿಂದ 0.9 ಮಿಲಿಮೀಟರ್. ತುದಿ ಸವೆದು ಗುಂಡಗಾಗಿದ್ದರೆ ಹೊಸ ಪ್ಲಗ್ ಹಾಕಿ. ಹಾಕುವಾಗ ಮೊದಲ ನಾಲ್ಕೈದು ಸುತ್ತು ಕೈಯಲ್ಲೇ ತಿರುಗಿಸಿ. ಸ್ಪ್ಯಾನರ್ ಆಮೇಲೆ.

ಓಡಿಸಿದರೆ ಚೆನ್ನಾಗಿದೆ, ಸ್ಲೋ ಮಾತ್ರ ಇಲ್ಲವೇ ಇಲ್ಲ

ನಮ್ಮ ಕಡೆ ನನಗೆ ಹೆಚ್ಚು ಸಿಗುವ ದೂರು ಇದೇ. ಹತ್ತರಲ್ಲಿ ಆರೇಳು ಸಲ ಕಾರಣ ಸ್ಲೋ ಜೆಟ್ ಕಟ್ಟಿರುವುದು.

ಯಾಕೆ ಕಟ್ಟುತ್ತದೆ? ಒಂದು, ದೂಳು. ಹಿಂಗಾರಿನ ಹೊತ್ತಿಗೆ ಜಗಳೂರು ರಸ್ತೆಯಲ್ಲಿ ಹೋಗಿ ನೋಡಿ. ಮೆಕ್ಕೆಜೋಳ ರಸ್ತೆ ಮೇಲೇ ಒಣಗುತ್ತಿರುತ್ತದೆ, ಪಕ್ಕದಲ್ಲೇ ಮಿಷನ್ ಹಾಕಿರುತ್ತಾರೆ. ಹೊಟ್ಟು, ದೂಳು ಗಾಳಿಯಲ್ಲಿ ಮಂಜಿನ ಹಾಗೆ ತೇಲುತ್ತಿರುತ್ತದೆ. ಎರಡು, ಹಳ್ಳಿ ಅಂಗಡಿಯಲ್ಲಿ ಸಿಗುವ ಬಾಟಲಿ ಪೆಟ್ರೋಲ್. ಆ ಬಾಟಲಿಯಲ್ಲಿ ಮೊದಲು ಏನಿತ್ತೋ ಯಾರಿಗೂ ಗೊತ್ತಿಲ್ಲ. ಮೂರು, ತಿಂಗಳುಗಟ್ಟಲೆ ನಿಂತ ಗಾಡಿ. ಪೆಟ್ರೋಲ್ ಆವಿಯಾಗಿ ತಳದಲ್ಲಿ ಬೆಲ್ಲದ ಪಾಕದಂಥ ಅಂಟು ಉಳಿಯುತ್ತದೆ. ನಾಲ್ಕು, ನೀರು. ಈಗ ಪೆಟ್ರೋಲಿನಲ್ಲಿ 20 ಪರ್ಸೆಂಟ್‌ವರೆಗೂ ಎಥನಾಲ್ ಬೆರೆಸುತ್ತಾರೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್‌ಗೆ ಹೋಗುವ ಪೈಪ್ ಇರುವುದೂ ಆ ತಳದಲ್ಲೇ.

ಮೊದಲು ಕಾರ್ಬೊರೇಟರ್ ಬಿಚ್ಚದೇ ಮಾಡುವ ಪರೀಕ್ಷೆ. ಕಾರ್ಬೊರೇಟರಿನ ಕೆಳಬಟ್ಟಲಲ್ಲಿ ಒಂದು ಡ್ರೈನ್ ಸ್ಕ್ರೂ ಇರುತ್ತದೆ. ಎಂಜಿನ್ ತಣ್ಣಗಿರಲಿ, ಕಾಕ್ ಬಂದ್ ಮಾಡಿ. ಡ್ರೈನ್ ಪೈಪಿನ ತುದಿಗೆ ಒಂದು ಗಾಜಿನ ಬಾಟಲಿ ಹಿಡಿದು ಸ್ಕ್ರೂ ಸಡಿಲಿಸಿ. ಬಟ್ಟಲಲ್ಲಿದ್ದದ್ದು ಬಾಟಲಿಗೆ ಬರುತ್ತದೆ. ಐದು ನಿಮಿಷ ಅಲುಗಿಸದೆ ಇಟ್ಟು ಬಿಸಿಲಿಗೆ ಹಿಡಿದು ನೋಡಿ. ತಳದಲ್ಲಿ ಕೆಮ್ಮಣ್ಣಿನ ಗೆರೆ ಇದೆಯಾ? ಪಾದರಸದ ಹಾಗೆ ಉರುಳುವ ಗುಳ್ಳೆ, ಇಲ್ಲವೇ ಮಬ್ಬು ಪದರ ಕಾಣುತ್ತದೆಯಾ? ಮಣ್ಣಾದರೆ ಜೆಟ್ ತೊಳೆಯಲೇಬೇಕು. ನೀರಾದರೆ ಟ್ಯಾಂಕನ್ನೂ ಖಾಲಿ ಮಾಡಿಸಬೇಕು. ಎಷ್ಟೋ ಸಲ ಹೀಗೆ ಒಮ್ಮೆ ಬಸಿದು, ಸ್ಕ್ರೂ ಬಿಗಿ ಮಾಡಿ, ಕಾಕ್ ತೆರೆದು ಸ್ಟಾರ್ಟ್ ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಹೋಗಿರುತ್ತದೆ. ಬಸಿದ ಪೆಟ್ರೋಲನ್ನು ಚರಂಡಿಗೆ ಸುರಿಯಬೇಡಿ, ಮುಚ್ಚಳ ಹಾಕಿ ಗ್ಯಾರೇಜಿಗೆ ಕೊಡಿ.

ಸರಿಹೋಗಲಿಲ್ಲವೆಂದರೆ ಜೆಟ್ ಹೊರಗೆ ತೆಗೆಯಬೇಕು. ಹಿಂದೆ ಒಮ್ಮೆಯಾದರೂ ಕಾರ್ಬೊರೇಟರ್ ಬಿಚ್ಚಿದ ಅನುಭವ ಇದ್ದರೆ ಮಾತ್ರ ಮಾಡಿ. ಸ್ಕ್ರೂಡ್ರೈವರ್ ತುದಿ ಜೆಟ್ಟಿನ ತಲೆಯ ಸೀಳಿಗೆ ಸರಿಯಾಗಿ ಕೂರಬೇಕು. ಹಿತ್ತಾಳೆ ಮೆತ್ತಗಿನ ಲೋಹ, ಜಾರಿದರೆ ತಲೆ ಹಾಳು. ತೆಗೆದ ಜೆಟ್ಟನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಆಕಾಶದ ಕಡೆ ನೋಡಿ. ನೇರ ಸೂರ್ಯನಿಗೆ ಬೇಡ. ತೂತು ಸ್ವಚ್ಛವಾಗಿದ್ದರೆ ಸೂಜಿಮೊನೆಯಷ್ಟು ದುಂಡನೆಯ ಬೆಳಕು ಕಾಣುತ್ತದೆ. ಅರ್ಧ ಕಟ್ಟಿದ್ದರೆ ಆ ಬೆಳಕು ಕೊರೆದ ಚಂದ್ರನ ಹಾಗೆ. ಪೂರ್ತಿ ಕಟ್ಟಿದ್ದರೆ ಕತ್ತಲೆ.

ಈಗ ದಯವಿಟ್ಟು ಒಂದು ತಪ್ಪು ಮಾಡಬೇಡಿ. ಸೂಜಿ, ಪಿನ್ನು, ಬ್ರೇಕ್ ಕೇಬಲ್ಲಿನ ತಂತಿ ಹಾಕಿ ತಿವಿಯಬೇಡಿ. ತೂತು ಒಂದೆಳೆ ದೊಡ್ಡದಾದರೂ ಆ ಜೆಟ್ ಸತ್ತ ಹಾಗೆ. ಆಮೇಲೆ ಎಷ್ಟು ಟ್ಯೂನ್ ಮಾಡಿದರೂ ಗಾಡಿ ಪೆಟ್ರೋಲ್ ಕುಡಿಯುತ್ತದೆ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಹತ್ತು ನಿಮಿಷ ನೆನೆಯಲು ಬಿಡಿ, ಆಮೇಲೆ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ. ಕಣ್ಣಿಗೆ ಕನ್ನಡಕ ಇರಲಿ. ಆ ಸ್ಪ್ರೇ ರಬ್ಬರನ್ನು ಉಬ್ಬಿಸುತ್ತದೆ, ಆದ್ದರಿಂದ ಸೋರದಂತೆ ಕೂರಿಸಿದ ಗ್ಯಾಸ್ಕೆಟ್, ಓ-ರಿಂಗ್ ಎಂಬ ರಬ್ಬರ್ ಬಳೆ ಮೊದಲೇ ತೆಗೆದಿಡಿ.

ಜೆಟ್ಟಿನ ಪಕ್ಕ ಹೊರಗಿನಿಂದ ಕಾಣುವ ಇನ್ನೊಂದು ಸ್ಕ್ರೂ ಇದೆಯಲ್ಲ, ಗಾಳಿ-ಪೆಟ್ರೋಲ್ ಮಿಶ್ರಣದ್ದು, ಅದನ್ನು ತೆಗೆಯಬೇಕಾಗಿ ಬಂದರೆ ಮೊದಲು ಮೆಲ್ಲಗೆ ಒಳಗೆ ತಿರುಗಿಸಿ, ತಾಗುವವರೆಗೆ ಎಷ್ಟು ಸುತ್ತು ಆಯಿತು ಅಂತ ಎಣಿಸಿ ಬರೆದುಕೊಳ್ಳಿ. ತಾಗಿದ ಮೇಲೆ ಒತ್ತಬಾರದು, ಮೊನೆ ಕೆಡುತ್ತದೆ. ವಾಪಸ್ ಹಾಕುವಾಗ ಅದೇ ಲೆಕ್ಕಕ್ಕೆ ತನ್ನಿ.

ಕೈ ಬಿಟ್ಟರೂ ರೇಸ್ ಇಳಿಯುವುದಿಲ್ಲ, ಇಲ್ಲವೇ ಏರುತ್ತದೆ ಇಳಿಯುತ್ತದೆ

ಇದು ಬರೀ ಕಿರಿಕಿರಿಯಲ್ಲ, ಅಪಾಯ. ಓಡಿಸುವಾಗ ರೇಸ್ ಮೇಲೆಯೇ ಸಿಕ್ಕಿಕೊಂಡರೆ ಗಾಬರಿಯಾಗಬೇಡಿ. ಕ್ಲಚ್ ಹಿಡಿಯಿರಿ, ಕೀ ಅಥವಾ ಕಿಲ್ ಸ್ವಿಚ್ ಆಫ್ ಮಾಡಿ, ಬ್ರೇಕ್ ಹಾಕುತ್ತಾ ಎಡಕ್ಕೆ ಬನ್ನಿ. ಕೀಯನ್ನು ಆಫ್‌ವರೆಗೆ ಮಾತ್ರ ತಿರುಗಿಸಿ, ಹ್ಯಾಂಡಲ್ ಲಾಕ್ ಕಡೆ ಹೋಗಬೇಡಿ. ಕಾರಣ ಸಿಗುವವರೆಗೆ ಆ ಗಾಡಿ ಹೈವೇಗೆ ಬೇಡ.

ನನಗೆ ಇದು ಆದದ್ದು ಆನಗೋಡು ದಾಟಿ ಭರಮಸಾಗರದ ಕಡೆ ಹೋಗುವಾಗ. ಮುಂದೆ ಹತ್ತಿ ತುಂಬಿದ ಲಾರಿ. ಆಕ್ಸಿಲೇಟರ್ ಪೂರ್ತಿ ಬಿಟ್ಟೆ. ಗಾಡಿ ನಿಧಾನವಾಗಲಿಲ್ಲ, ಎಂಜಿನ್ ಮಾತ್ರ ಕೂಗುತ್ತಲೇ ಇತ್ತು. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದೆ. ಕೈಕಾಲು ನಡುಗುತ್ತಿತ್ತು. ಗ್ಯಾರೇಜ್ ಒಂದರಲ್ಲಿ ತೋರಿಸಿದರೆ ಕಾರ್ಬೊರೇಟರ್ ಹೋಗಿದೆ ಅಂದರು. ಹೊಸದು ಹಾಕಿಸಿದೆ. ಮೂರೇ ದಿನಕ್ಕೆ ಮತ್ತೆ ಅದೇ. ಸ್ಲೋ ಸ್ಕ್ರೂ ಪೂರ್ತಿ ಸಡಿಲ ಮಾಡಿಕೊಟ್ಟರು. ಈಗ ತಣ್ಣಗಿದ್ದಾಗ ಆಫ್ ಆಗುತ್ತದೆ, ಬಿಸಿಯಾದರೆ ಕೂಗುತ್ತದೆ.

ಕೊನೆಗೆ ಹಳೇ ಊರಿನ ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಹೋದೆ. ಎಲ್ಲರೂ ಅವರನ್ನು ಚಾಚಾ ಅನ್ನುತ್ತಾರೆ. ಅವರು ಸ್ಪ್ಯಾನರ್ ಎತ್ತಲೇ ಇಲ್ಲ. ಕೂತು ಎರಡು ನಿಮಿಷ ಸದ್ದು ಕೇಳಿದರು.

"ತಮ್ಮಾ, ಆ ನೀರಿನ ಬಾಟಲಿ ಕೊಡು."

ಮುಚ್ಚಳಕ್ಕೆ ತೂತು ಮಾಡಿದ ಬಾಟಲಿ, ಒಳಗೆ ಸೋಪಿನ ನೀರು. ಕಾರ್ಬೊರೇಟರ್ ಎಂಜಿನ್‌ಗೆ ಕೂಡುವ ಜಾಗಕ್ಕೆ ನಾಲ್ಕು ಹನಿ ಚಿಮ್ಮಿಸಿದರು. ಕೂಗುತ್ತಿದ್ದ ಎಂಜಿನ್ ಒಂದು ಕ್ಷಣ ಧ್ವನಿ ಇಳಿಸಿತು. ಮತ್ತೆ ಏರಿತು. ಮತ್ತೆ ನಾಲ್ಕು ಹನಿ, ಮತ್ತೆ ಇಳಿಯಿತು.

"ಕೇಳಿದೆಯಾ? ಇಲ್ಲಿಂದ ಗಾಳಿ ಕುಡೀತಾ ಇದೆ."

ಆ ಕೂಡು ಜಾಗದಲ್ಲಿ ಒಂದು ಓ-ರಿಂಗ್ ಇರುತ್ತದೆ. ಸರಿಯಾದದ್ದು ಶಾವಿಗೆ ಎಳೆಯ ಹಾಗೆ ದುಂಡಗೆ, ಮೆತ್ತಗೆ ಇರಬೇಕು. ನನ್ನದು ಚಪ್ಪಟೆಯಾಗಿ ರಿಬ್ಬನ್ ಆಗಿತ್ತು. ಉಗುರಿನಿಂದ ಒತ್ತಿದೆ, ಪಟ್ ಅಂತ ಮುರಿಯಿತು. ಹೊಸ ರಿಂಗಿಗೆ ಇಪ್ಪತ್ತು ರೂಪಾಯಿ. ಸಾವಿರಗಟ್ಟಲೆ ಖರ್ಚು ಮಾಡಿದ್ದು ಅದರ ಪಕ್ಕದ ಕಾರ್ಬೊರೇಟರಿಗೆ.

ಇದೇ ಪರೀಕ್ಷೆ ನೀವೂ ಮಾಡಬಹುದು. ನೀರು ಹನಿ ಹನಿಯಾಗಿ, ಆ ಕೂಡು ಜಾಗಕ್ಕೆ ಮಾತ್ರ. ಸೈಲೆನ್ಸರ್ ಮೇಲೆ, ಪ್ಲಗ್ ಮೇಲೆ, ಏರ್ ಫಿಲ್ಟರ್ ಕಡೆ ಬೇಡ. ಕೆಲವರು ಇದಕ್ಕೆ ಕಾರ್ಬೊರೇಟರ್ ಕ್ಲೀನರ್ ಹೊಡೆಯುತ್ತಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿಗೆ ಆಹ್ವಾನ. ಸೋಪಿನ ನೀರೇ ಸಾಕು. ನೀರು ಬಿದ್ದಾಗ ಸದ್ದು ಬದಲಾದರೆ ಸೋರಿಕೆ ಅಲ್ಲೇ ಇದೆ. ರಬ್ಬರ್ ಪೈಪ್ ಇರುವ ಗಾಡಿಯಾದರೆ ಅದನ್ನು ಮೆಲ್ಲಗೆ ಬಗ್ಗಿಸಿ, ಬಿರುಕು ಇದೆಯಾ ನೋಡಿ. ಬೋಲ್ಟ್ ಸಡಿಲವಾಗಿದೆಯಾ ನೋಡಿ. ಎಂಸೀಲ್ ಮೆತ್ತಿ ಸರಿ ಮಾಡಿದೆ ಅನ್ನುವವರಿದ್ದಾರೆ. ಪೆಟ್ರೋಲಿಗೆ, ಬಿಸಿಗೆ ಅದು ಹೆಚ್ಚು ದಿನ ತಡೆಯುವುದಿಲ್ಲ. ಹೊಸ ರಿಂಗೇ ಹಾಕಿ.

ನೀರಿಗಿಂತಲೂ ಮೊದಲು ಮಾಡಬೇಕಾದ ಇನ್ನೊಂದು ಪರೀಕ್ಷೆ ಇದೆ. ಎಂಜಿನ್ ಓಡುತ್ತಿರುವಾಗ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಒಂದು ಕಡೆ ರೇಸ್ ಏರಿದರೆ ಆಕ್ಸಿಲೇಟರ್ ಕೇಬಲ್ ಬಿಗಿಯಾಗಿದೆ, ಇಲ್ಲವೇ ಎಲ್ಲೋ ಸಿಕ್ಕಿಕೊಂಡಿದೆ. ಹಿಡಿಯನ್ನು ತಿರುಗಿಸಿದಾಗ ಕೇಬಲ್ ಎಳೆಯುವ ಮೊದಲು 2ರಿಂದ 6 ಮಿಲಿಮೀಟರ್ ಸುಮ್ನೆ ತಿರುಗಬೇಕು. ಪೂರ್ತಿ ತಿರುಗಿಸಿ ಬಿಟ್ಟರೆ ಟಕ್ ಅಂತ ತಾನೇ ವಾಪಸ್ ಬರಬೇಕು. ನಿಧಾನವಾಗಿ ಬಂದರೆ ಕೇಬಲ್ ಒಳಗೆ ತುಕ್ಕು, ಮಣ್ಣು. ಹೊಸ ಕೇಬಲ್ ಹಾಕಿಸಿ, ಎಣ್ಣೆ ಬಿಟ್ಟು ದಿನ ದೂಡಬೇಡಿ.

ಪೆಟ್ರೋಲ್ ವಾಸನೆ, ಕಪ್ಪು ಹೊಗೆ, ಭಾರವಾದ ಸದ್ದು

ಮೊದಲು ಚೋಕ್. ಬೆಳಿಗ್ಗೆ ಎಳೆದದ್ದು ಹಾಗೇ ಇರುತ್ತದೆ, ಅಲ್ವಾ? ಆಮೇಲೆ ಏರ್ ಫಿಲ್ಟರ್. ನಮ್ಮ ಬಯಲುಸೀಮೆ ದೂಳಿಗೆ ಪುಸ್ತಕದಲ್ಲಿ ಹೇಳಿದ ಕಿಲೋಮೀಟರ್‌ವರೆಗೆ ಕಾಯುವ ಹಾಗಿಲ್ಲ. ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ, ಕಲ್ಲು ಕ್ವಾರಿ ದಾರಿಯಲ್ಲಿ ದಿನಾ ಓಡಾಡುವವರು ಅರ್ಧಕ್ಕೇ ನೋಡಬೇಕು. ಫೋಮ್ ಫಿಲ್ಟರ್ ಆದರೆ ಸೋಪಿನ ನೀರಿನಲ್ಲಿ ಹಿಂಡಿ, ನೆರಳಲ್ಲಿ ಒಣಗಿಸಿ, ಪುಸ್ತಕದಲ್ಲಿ ಹೇಳಿದ ಎಣ್ಣೆ ಸವರಿ ಹಾಕಬಹುದು. ಎಣ್ಣೆ ಸವರಿದ ಕಾಗದದ ಫಿಲ್ಟರ್ ಆದರೆ ತೊಳೆಯಬಾರದು, ಗಾಳಿಯನ್ನೂ ಹೊಡೆಯಬಾರದು, ಹೊಸದೇ ಹಾಕಬೇಕು. ಫಿಲ್ಟರ್ ಇಲ್ಲದೆ ಒಂದು ದಿನವೂ ಓಡಿಸಬೇಡಿ. ಆ ದೂಳು ಸಿಲಿಂಡರಿನ ಒಳಗೆ ಮರಳುಕಾಗದದ ಕೆಲಸ ಮಾಡುತ್ತದೆ. ಡಬ್ಬಿ ತೆಗೆದಾಗ ಇಲಿ ಕಚ್ಚಿ ತಂದಿಟ್ಟ ಚಿಂದಿಬಟ್ಟೆ ಸಿಕ್ಕರೆ ಆಶ್ಚರ್ಯಪಡಬೇಡಿ, ನನಗೆ ಎರಡು ಸಲ ಸಿಕ್ಕಿದೆ.

ಕಾರ್ಬೊರೇಟರಿನ ಕೆಳಗಿನ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಕೂಡಲೇ ಎಂಜಿನ್ ಆಫ್, ಕಾಕ್ ಬಂದ್. ಬಟ್ಟಲು ತುಂಬಿದಾಗ ಪೆಟ್ರೋಲ್ ದಾರಿ ಮುಚ್ಚುವ ಒಳಗಿನ ಫ್ಲೋಟ್ ಸೂಜಿ ಕೂತಿಲ್ಲ. ಸ್ಟಾರ್ಟ್ ಮಾಡದೆ ತಳ್ಳಿಕೊಂಡೇ ಹೋಗಿ ತೋರಿಸಿ.

ಮುಳ್ಳಯ್ಯನಗಿರಿ ಕಡೆ ಹೋದಾಗಲೂ ಕಾರ್ಬೊರೇಟರ್ ಗಾಡಿಗೆ ಹೀಗಾಗುತ್ತದೆ. 1,900 ಮೀಟರ್ ಮೇಲೆ ಗಾಳಿ ತೆಳು, ಪೆಟ್ರೋಲ್ ಮಾತ್ರ ಅಷ್ಟೇ. ಗಾಡಿ ಮಂಕಾಗುತ್ತದೆ. ಅಲ್ಲಿ ಏನನ್ನೂ ತಿರುಗಿಸಬೇಡಿ. ಇಳಿದು ಬಂದರೆ ತಾನೇ ಸರಿಹೋಗುತ್ತದೆ.

ಬಿಸಿಯಾದ ಮೇಲೆ ಆಫ್, ತಣ್ಣಗಾದರೆ ಮತ್ತೆ ಸರಿ

ಆಫ್ ಆದ ಕೂಡಲೇ ಟ್ಯಾಂಕಿನ ಮುಚ್ಚಳ ತೆರೆಯಿರಿ. ಸುಯ್ ಅಂತ ಗಾಳಿ ಒಳಗೆ ಹೋದ ಸದ್ದು ಕೇಳಿ, ಆಮೇಲೆ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ತೊಳೆದರೆ ಸಾಕು. ಮನೆ ಮುಂದೆ ಬಹಳ ದಿನ ನಿಂತ ಗಾಡಿಯಲ್ಲಿ ಕುಂಬಾರ ಹುಳ ಇಂಥ ಪೈಪುಗಳಿಗೆ ಮಣ್ಣು ಮೆತ್ತಿರುತ್ತದೆ, ಅದನ್ನೂ ನೋಡಿ.

ಅದಲ್ಲವಾದರೆ ಟ್ಯಾಪೆಟ್, ಅಂದರೆ ಎಂಜಿನ್ ಒಳಗೆ ವಾಲ್ವ್ ಒತ್ತುವ ಭಾಗ. ಎರಡರ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಟ್ಯಾಪೆಟ್ ಸಡಿಲವಾದರೆ ಟಕಟಕ ಸದ್ದು ಮಾಡಿ ಎಚ್ಚರಿಸುತ್ತದೆ. ಬಿಗಿಯಾದರೆ ಸದ್ದೇ ಇರುವುದಿಲ್ಲ, ಜನ "ಎಂಜಿನ್ ಎಷ್ಟು ಸ್ಮೂತ್" ಅನ್ನುತ್ತಾರೆ. ಒಳಗೆ ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತಿರುತ್ತದೆ. ಬಿಸಿಯಾದಾಗ ಲೋಹ ಹಿಗ್ಗಿ ಇನ್ನೂ ಬಿಗಿಯಾಗುತ್ತದೆ, ಸ್ಲೋ ಹೋಗುತ್ತದೆ. ಪೂರ್ತಿ ತಣ್ಣಗಿರುವ ಎಂಜಿನ್ನಿನಲ್ಲಿ ಗೇಜ್ ಹಾಕಿ ಅಳೆಯಬೇಕಾದ ಕೆಲಸ ಇದು. ಬೆಳಿಗ್ಗೆ ಗಾಡಿ ಬಿಟ್ಟು ಸಂಜೆ ತೆಗೆದುಕೊಳ್ಳಿ. ಬಂದ ಕೂಡಲೇ ಬಿಸಿಯಲ್ಲೇ ಮಾಡಿಕೊಡುತ್ತೇನೆ ಅನ್ನುವವರಿಗೆ ಬೇಡ ಅನ್ನಿ. ಟ್ಯಾಪೆಟ್ಟೂ ಸರಿಯಿದ್ದರೆ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್, ಸಿಡಿಐ ಕಡೆ ಅನುಮಾನ ಹೋಗುತ್ತದೆ.

ಕಿಕ್ಕರ್ ತುಳಿದಾಗ ತಡೆಯೇ ಇಲ್ಲದೆ ಹಗುರಾಗಿ ಇಳಿದರೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಹೋಗಿದೆ. ನೀಲಿ ಹೊಗೆಯೂ ಇದ್ದರೆ ಅಲ್ಲಿಗೆ ನಿಲ್ಲಿಸಿ. ಮನೆಯಲ್ಲಿ ಮಾಡುವ ಯಾವ ಕೆಲಸವೂ ಅದಕ್ಕೆ ಸಾಲದು.

ತೊಳೆದ ಮೇಲೆ, ಮಳೆಯಲ್ಲಿ ನೆನೆದ ಮೇಲೆ

ಪ್ಲಗ್ ಕ್ಯಾಪ್ ತೆಗೆದು ಒಣಬಟ್ಟೆಯಲ್ಲಿ ಒರೆಸಿ. ಕತ್ತಲಲ್ಲಿ ಎಂಜಿನ್ ಓಡಿಸಿ ದೂರದಿಂದ ನೋಡಿ. ವೈರ್ ಮೇಲೆ ನೀಲಿ ಕಿಡಿ ಹಾರಿದರೆ ಕ್ಯಾಪ್ ಅಥವಾ ವೈರ್ ಸೀಳಿದೆ. ಕೈಯಲ್ಲಿ ಮುಟ್ಟಬೇಡಿ, ಸಾವಿರಾರು ವೋಲ್ಟ್ ಇರುತ್ತದೆ. ಕಾರ್ ವಾಷ್‌ನ ಜೋರು ನೀರನ್ನು ಕಾರ್ಬೊರೇಟರ್, ಏರ್ ಫಿಲ್ಟರ್ ಡಬ್ಬಿಗೆ ಹೊಡೆಸಬೇಡಿ.

2020ರ ನಂತರದ ಇಂಜೆಕ್ಷನ್ ಗಾಡಿಗಳು

2020ರ ಏಪ್ರಿಲ್‌ನಿಂದ ಹೊಗೆ ಮಿತಿಯ ಬಿಎಸ್ 6 ನಿಯಮ ಬಂತು, ಹೆಚ್ಚಿನ ಗಾಡಿಗಳಲ್ಲಿ ಕಾರ್ಬೊರೇಟರ್ ಹೋಗಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಬಂತು. ಇಲ್ಲಿ ಸ್ಲೋ ನೋಡಿಕೊಳ್ಳುವುದು ಕಂಪ್ಯೂಟರ್. ಚೋಕ್ ಇಲ್ಲ, ಜೆಟ್ ಇಲ್ಲ. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಮೇಲೆ ಕಾಣುವ ಸ್ಕ್ರೂಗಳನ್ನು ಮುಟ್ಟಲೇಬೇಡಿ. ಅವು ಕಂಪನಿಯಲ್ಲೇ ಕೂರಿಸಿದವು. ಕೆಲವಕ್ಕೆ ಬಣ್ಣದ ಗುರುತೂ ಇರುತ್ತದೆ.

ನೀವು ನೋಡಬಹುದಾದದ್ದು ಇಷ್ಟು. ಕೀ ಆನ್ ಮಾಡಿದಾಗ ಮೀಟರಿನಲ್ಲಿ ಎಂಜಿನ್ ಚಿತ್ರದ ಲೈಟ್ ಹತ್ತಬೇಕು, ಟ್ಯಾಂಕ್ ಒಳಗಿನ ಪಂಪ್ ಎರಡು ಮೂರು ಸೆಕೆಂಡ್ ಗುಂಯ್ ಅನ್ನಬೇಕು. ಸದ್ದೇ ಇಲ್ಲದಿದ್ದರೆ ಫ್ಯೂಸ್, ಬ್ಯಾಟರಿ ನೋಡಿ. ಬ್ಯಾಟರಿ ಚೆನ್ನಾಗಿ ಚಾರ್ಜ್ ಆಗಿದ್ದರೆ ಎಂಜಿನ್ ಆಫ್ ಇದ್ದಾಗ 12.4 ವೋಲ್ಟ್‌ಗಿಂತ ಮೇಲಿರುತ್ತದೆ. 12ಕ್ಕಿಂತ ಕೆಳಗಿದ್ದರೆ ಪಂಪ್ ಸರಿಯಾಗಿ ಒತ್ತಲಾರದು, ಸ್ಲೋ ಕುಂಟುತ್ತದೆ. ಎಂಜಿನ್ ಓಡುವಾಗಲೂ ಆ ಲೈಟ್ ಹತ್ತಿದ್ದರೆ ಅಥವಾ ಮಿನುಗುತ್ತಿದ್ದರೆ ಸರ್ವಿಸ್ ಸೆಂಟರಿನ ಸ್ಕ್ಯಾನರೇ ಬೇಕು. ಮಿನುಗುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ ತೋರಿಸಿ. ಎಷ್ಟು ಸಲ ಮಿನುಗಿತು ಅನ್ನುವುದೇ ಕೆಲವು ಗಾಡಿಗಳಲ್ಲಿ ದೋಷದ ಗುರುತು. ಲೈಟ್ ಇಲ್ಲದೆ ಸ್ಲೋ ಮಾತ್ರ ಇಳಿದಿದ್ದರೆ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿರಬಹುದು, ಶುಚಿ ಮಾಡಿಸಿ. ಟ್ಯಾಂಕ್ ಯಾವಾಗಲೂ ತಳ ಮುಟ್ಟುವವರೆಗೆ ಓಡಿಸುವ ಅಭ್ಯಾಸ ಬಿಡಿ. ಪಂಪ್ ತಣ್ಣಗಾಗುವುದು ಸುತ್ತಲಿನ ಪೆಟ್ರೋಲಿನಿಂದಲೇ.

ಎಲ್ಲ ಸರಿಮಾಡಿದ ಮೇಲೆ ಸ್ಕ್ರೂ

ಕಾರ್ಬೊರೇಟರ್ ಗಾಡಿಗೆ ಈಗ ಸ್ಕ್ರೂ ತಿರುಗಿಸುವ ಹೊತ್ತು. ನಾಲ್ಕೈದು ಕಿಲೋಮೀಟರ್ ಓಡಿಸಿ ಬಿಸಿ ಮಾಡಿಕೊಂಡು ಬನ್ನಿ. ತಣ್ಣನೆ ಎಂಜಿನ್‌ಗೆ ಟ್ಯೂನ್ ಮಾಡಿದರೆ ಬಿಸಿಯಾದಾಗ ಕೂಗುತ್ತದೆ. ಸ್ಲೋ ಸ್ಕ್ರೂವನ್ನು ಕಾಲು ಕಾಲು ಸುತ್ತು ತಿರುಗಿಸಿ, ಪ್ರತಿ ಸಲ ಐದು ಸೆಕೆಂಡ್ ಕಾದು ಸದ್ದು ಕೇಳಿ. ಮೀಟರಿನಲ್ಲಿ ಆರ್‌ಪಿಎಂ ಇಲ್ಲದಿದ್ದರೆ ಕನ್ನಡಿ ನೋಡಿ. ಅದರಲ್ಲಿ ಹಿಂದಿನ ಮನೆಯ ಬಾಗಿಲು ಸಣ್ಣಗೆ ನಡುಗಬೇಕು, ಕುಣಿಯಬಾರದು.

ಆಮೇಲೆ ಹೆಡ್‌ಲೈಟ್ ಹಾಕಿ, ಬ್ರೇಕ್ ಹಿಡಿಯಿರಿ, ಹ್ಯಾಂಡಲ್ ಎರಡೂ ಕಡೆ ತಿರುಗಿಸಿ, ಒಮ್ಮೆ ಜೋರಾಗಿ ರೇಸ್ ಕೊಟ್ಟು ಪಟ್ಟನೆ ಬಿಡಿ. ನಾಲ್ಕಕ್ಕೂ ಗಾಡಿ ಆಫ್ ಆಗದೆ ಅದೇ ಟುಕ್ ಟುಕ್‌ಗೆ ವಾಪಸ್ ಬರಬೇಕು. ಇನ್ನು ಐದು ನಿಮಿಷ ಅದರ ಪಾಡಿಗೆ ಬಿಟ್ಟು, ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತು ಕೇಳಿ. ಸದ್ದು ಬದಲಾಗದಿದ್ದರೆ ಪೆಟ್ಟಿಗೆಗೆ ಸ್ಪ್ಯಾನರ್ ಹಾಕಬಹುದು.